ಎದೆಬಡಿತ ಎಣಿಸುತ್ತಿದ್ದ ದಿನಗಳ ಓದು

ಅಣ್ಣ ತೀರಿಕೊಂಡ ಮೇಲೆ ನನಗೆ ಅಂಟಿಕೊಂಡ ತೊಂದರೆಗೆ ಒಂದು ಹೆಸರು ಸಿಗುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ವರ್ಷವೇ ಕಳೆದಿತ್ತು. ಅಲ್ಲಿಯವರೆಗೆ ಮನೆಯವರು ಅದನ್ನು ದುಃಖ ಎಂದರು. ಕಚೇರಿಯವರು ಕೆಲಸದ ಒತ್ತಡ ಎಂದರು. ಮೇಜಿನ ಮೇಲೆ ಪೇರಿಸಿಟ್ಟಿದ್ದ ಪುಸ್ತಕಗಳನ್ನು ನೋಡಿದ ಹಿರಿಯರೊಬ್ಬರು ವೈರಾಗ್ಯ ಬಂದಿದೆ ಎಂದು ಮೆಚ್ಚಿಕೊಂಡೂ ಹೋದರು. ನಾನು ಮಾತ್ರ ಅದು ಹೃದ್ರೋಗವೇ ಎಂದು ನಂಬಿದ್ದೆ.

ನಂಬುವುದಕ್ಕೆ ಕಾರಣವಿತ್ತು. ರಾತ್ರಿ ಮಲಗಿದ ಅಣ್ಣ ಬೆಳಿಗ್ಗೆ ಏಳಲಿಲ್ಲ. ಐವತ್ತು ದಾಟಿರಲಿಲ್ಲ, ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಹೃದಯ ನಿಂತಿದೆ ಎಂದು ವೈದ್ಯರು ಬರೆದುಕೊಟ್ಟರು. ಹೀಗೆ ಹಠಾತ್ತನೆ ಹೋದವರ ಒಡಹುಟ್ಟಿದವರು ತಮ್ಮ ಹೃದಯವನ್ನೂ ಒಮ್ಮೆ ತೋರಿಸಿಕೊಳ್ಳಬೇಕು ಎಂಬುದು ಸರಿಯಾದ ಸಲಹೆಯೇ. ಹೃದಯದ ಕೆಲವು ತೊಂದರೆಗಳು ವಂಶದಲ್ಲಿ ಇಳಿದು ಬರುತ್ತವೆ. ತೋರಿಸಿಕೊಂಡೆ. ಇಸಿಜಿ, ಎಕೋ, ಟ್ರೆಡ್‌ಮಿಲ್ ಪರೀಕ್ಷೆ ಎಲ್ಲವೂ ಸರಿಯಿದ್ದವು. ಹೃದ್ರೋಗ ತಜ್ಞರು ಕಡತ ಮುಚ್ಚಿ ‘ಧೈರ್ಯವಾಗಿರಿ’ ಎಂದರು. ಆ ಧೈರ್ಯ ಆಸ್ಪತ್ರೆಯ ಗೇಟಿನವರೆಗೆ ನನ್ನ ಜೊತೆ ಬಂತು.

ಅದಾದ ಕೆಲವು ವಾರಗಳಿಗೆ ಒಂದು ನಡುರಾತ್ರಿ ಥಟ್ಟನೆ ಎಚ್ಚರವಾಯಿತು. ಕನಸೇನೂ ಬಿದ್ದಿರಲಿಲ್ಲ. ಎದೆ ಗಂಟಲಿನವರೆಗೆ ಬಂದು ಬಡಿಯುತ್ತಿತ್ತು. ಎಷ್ಟು ಎಳೆದುಕೊಂಡರೂ ಉಸಿರು ತುಂಬುತ್ತಿರಲಿಲ್ಲ. ಎಡಗೈಯ ಬೆರಳುಗಳು ಜುಮುಜುಮು ಎನ್ನುತ್ತಿದ್ದವು, ತುಟಿಯ ಸುತ್ತ ಮರಗಟ್ಟಿತ್ತು. ಇನ್ನು ಕೆಲವೇ ನಿಮಿಷ ಎಂದು ನಾನು ಯೋಚಿಸಲಿಲ್ಲ. ಅದು ಸುಮ್ಮನೆ ಗೊತ್ತಾಗಿಬಿಟ್ಟಿತು. ಹೆಂಡತಿಯನ್ನು ಎಬ್ಬಿಸಿದೆ. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲವೂ ಇಳಿದಿತ್ತು. ಮತ್ತೆ ಇಸಿಜಿ, ಮತ್ತೆ ಸರಿ. ಕೆಲಸದ ಮೇಲಿದ್ದ ಎಳೆಯ ವೈದ್ಯರು ‘ಗ್ಯಾಸ್ ಇರಬಹುದು’ ಎಂದರು. ಜಗತ್ತಿನ ಅರ್ಧ ಸಂಕಟಗಳನ್ನು ಹೀಗೆ ಗ್ಯಾಸಿನ ಲೆಕ್ಕಕ್ಕೆ ಬರೆದಿಟ್ಟು ಮನೆಗೆ ಕಳಿಸುತ್ತಾರೆ.

ಅಲ್ಲಿಂದ ನನ್ನ ಬೆರಳು ನಾಡಿ ಬಿಟ್ಟು ಕದಲಲಿಲ್ಲ. ಸಭೆಯಲ್ಲಿ ಕುಳಿತಾಗ ಮೇಜಿನ ಕೆಳಗೆ, ಮಾತನಾಡುವಾಗ ಕತ್ತಿನ ಪಕ್ಕಕ್ಕೆ ಕೈಯಿಟ್ಟ ನೆಪದಲ್ಲಿ ಎಣಿಕೆ ನಡೆದೇ ಇರುತ್ತಿತ್ತು. ಬಡಿತ ತೋರಿಸುವ ಕೈಗಡಿಯಾರವೊಂದನ್ನು ಕೊಂಡೆ. ಅದು ಎಂಬತ್ತು ತೋರಿಸಿದರೆ ನೋಡಿದ ಗಾಬರಿಗೇ ತೊಂಬತ್ತಾಗುತ್ತಿತ್ತು, ತೊಂಬತ್ತು ಕಂಡು ನೂರು. ಮೆಟ್ಟಿಲು ಹತ್ತುವುದನ್ನು ಬಿಟ್ಟೆ. ಎಲ್ಲಕ್ಕಿಂತ ಕಷ್ಟವಾದದ್ದು ನಿದ್ದೆ. ಅಣ್ಣ ಹೋದದ್ದು ನಿದ್ದೆಯಲ್ಲಿ. ಹಾಗಾಗಿ ಕಣ್ಣು ಮುಚ್ಚುವುದೇ ಅಪಾಯ ಎಂದು ಮೈ ತೀರ್ಮಾನಿಸಿತ್ತು. ‘ಮಲಗಿದಾಗ ನೋವಿಲ್ಲದೆ ಹೋದ, ಪುಣ್ಯವಂತ’ ಎಂದು ಬಂದವರೆಲ್ಲ ಸಮಾಧಾನ ಹೇಳಿದ್ದರು. ಆ ಸಮಾಧಾನ ನನಗೆ ಏನು ಮಾಡಿತೆಂದು ಅವರಿಗೆ ತಿಳಿಯುವ ಬಗೆಯಿರಲಿಲ್ಲ.

ಓದು ಶುರುವಾದದ್ದು ಈ ರಾತ್ರಿಗಳಲ್ಲಿ. ಮೊದಲಿನಿಂದಲೂ ಓದುವ ಅಭ್ಯಾಸವಿದ್ದವನಿಗೆ ಕೈ ಹೋಗುವುದು ಕಪಾಟಿನ ಕಡೆಗೇ. ಭಯವಿರುವುದು ಸಾವಿನದು, ಸಾವನ್ನು ಅರ್ಥ ಮಾಡಿಕೊಂಡರೆ ಭಯ ಹೋಗಬೇಕು, ಇಷ್ಟು ಸಾವಿರ ವರ್ಷಗಳಲ್ಲಿ ಯಾರಾದರೂ ಅರ್ಥ ಮಾಡಿಕೊಂಡಿರಲೇಬೇಕು. ತರ್ಕ ಸರಿಯಾಗಿಯೇ ಕಂಡಿತು.

ಎಪಿಕ್ಯೂರಸ್ ಎದುರಾದ. ಕ್ರಿಸ್ತಪೂರ್ವ 270ರಲ್ಲಿ ತೀರಿಕೊಂಡ ಈ ಗ್ರೀಕ್ ತತ್ತ್ವಜ್ಞಾನಿ ಮೆನೋಸಿಯಸ್ ಎಂಬವನಿಗೆ ಬರೆದ ಪತ್ರದಲ್ಲಿ ಹೇಳುವ ಮಾತು ಪ್ರಸಿದ್ಧವಾದದ್ದು: ನಾವಿರುವಷ್ಟು ಹೊತ್ತು ಸಾವು ಇರುವುದಿಲ್ಲ, ಸಾವು ಬಂದಾಗ ನಾವಿರುವುದಿಲ್ಲ, ಹಾಗಿರುವಾಗ ಅದರ ಜೊತೆ ನಮಗೇನು ವ್ಯವಹಾರ? ಹಗಲಿನಲ್ಲಿ ಈ ವಾದಕ್ಕೆ ಎಲ್ಲಿಯೂ ಬಿರುಕು ಕಾಣಿಸಲಿಲ್ಲ. ರಾತ್ರಿ ಎರಡು ಗಂಟೆಗೆ ಅದನ್ನೇ ಹೇಳಿಕೊಂಡೆ. ಬುದ್ಧಿ ಒಪ್ಪಿಕೊಂಡಿತು, ಎದೆ ಬಡಿದುಕೊಳ್ಳುತ್ತಲೇ ಇತ್ತು. ಅದನ್ನು ಯಾರೂ ವಾದಕ್ಕೆ ಕರೆದಿರಲಿಲ್ಲ.

ಅಮೆರಿಕದ ಮಾನವಶಾಸ್ತ್ರಜ್ಞ ಅರ್ನೆಸ್ಟ್ ಬೆಕರ್‌ನ ‘ದ ಡಿನಯಲ್ ಆಫ್ ಡೆತ್’ ಓದಿದೆ. 1973ರಲ್ಲಿ ಬಂದ ಪುಸ್ತಕ. ಅದಕ್ಕೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬರುವುದಕ್ಕೆ ಎರಡು ತಿಂಗಳು ಮೊದಲೇ ಬೆಕರ್ ಕ್ಯಾನ್ಸರಿನಿಂದ ತೀರಿಕೊಂಡಿದ್ದ. ಮನುಷ್ಯ ಕಟ್ಟಿದ್ದೆಲ್ಲ, ಅವನ ಕೀರ್ತಿಯ ಹಂಬಲ, ವೀರರ ಪೂಜೆ, ಸಾಮ್ರಾಜ್ಯ, ಎಲ್ಲವೂ ತಾನು ಸಾಯುತ್ತೇನೆ ಎಂಬುದನ್ನು ಮರೆಮಾಚುವ ಏರ್ಪಾಡು ಎಂಬುದು ಅವನ ವಾದ. ಪುಸ್ತಕ ದೊಡ್ಡದು, ಅದರ ಬಗ್ಗೆ ನನಗೆ ಈಗಲೂ ಗೌರವವಿದೆ. ಆದರೆ ಆ ಹೊತ್ತಿನಲ್ಲಿ ಅದು ನನ್ನ ಕಾಯಿಲೆಗೆ ಪದವಿ ಕೊಟ್ಟಿತು. ಜನರೆಲ್ಲ ಮರೆವಿನಲ್ಲಿದ್ದಾರೆ, ಸತ್ಯ ಕಂಡದ್ದರಿಂದಲೇ ನನಗೆ ನಿದ್ದೆಯಿಲ್ಲ ಎನಿಸತೊಡಗಿತು. ಮದ್ದು ಬೇಕಾದ ತೊಂದರೆಗೆ ಹೀಗೆ ತತ್ತ್ವದ ಹೊದಿಕೆ ಬಿದ್ದರೆ ಅದನ್ನು ಕಿತ್ತು ನೋಡುವವರು ಯಾರು? ನೋಡಿದವರು ವೈರಾಗ್ಯ ಎನ್ನುತ್ತಾರೆ.

ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್ ರಾಸ್ ಹೇಳಿದ ಐದು ಹಂತಗಳನ್ನು ಸ್ನೇಹಿತರೊಬ್ಬರು ವಾಟ್ಸಾಪಿನಲ್ಲಿ ಕಳಿಸಿದ್ದರು: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ. ‘ನೀವೀಗ ಮೂರನೆಯದರಲ್ಲಿ ಇರಬೇಕು’ ಎಂಬ ಟಿಪ್ಪಣಿಯೂ ಇತ್ತು. 1969ರ ಮೂಲ ಪುಸ್ತಕ ತೆರೆದು ನೋಡಿದರೆ ಆಕೆ ಮಾತನಾಡಿಸಿದ್ದು ಸಾಯುತ್ತಿದ್ದವರನ್ನು. ಸತ್ತವರ ಹಿಂದೆ ಉಳಿದವರಿಗೆ ಆ ಹಂತಗಳನ್ನು ಹೊಂದಿಸಿದ್ದು ಆಮೇಲಿನ ರೂಢಿ. ಎಲ್ಲರೂ ಅದೇ ಕ್ರಮದಲ್ಲಿ ಹಾದು ಹೋಗುತ್ತಾರೆ ಎಂಬುದಕ್ಕೆ ಗಟ್ಟಿಯಾದ ಆಧಾರವೂ ಸಿಕ್ಕಿಲ್ಲ. ದುಃಖಕ್ಕೆ ತರಗತಿಗಳನ್ನು ಮಾಡಿ, ಯಾರು ಯಾವ ತರಗತಿಯಲ್ಲಿದ್ದಾರೆ ಎಂದು ಹೊರಗಿನವರು ಹೇಳುವ ಈ ಪದ್ಧತಿ ನನಗೆ ಯಾವತ್ತೂ ಹಿಡಿಸಿಲ್ಲ.

ಆ ರಾತ್ರಿಗಳ ಓದಿನಲ್ಲಿ ನಿಜವಾಗಿ ನನ್ನನ್ನು ತಡೆದು ನಿಲ್ಲಿಸಿದ್ದು ಟಾಲ್‌ಸ್ಟಾಯ್ ಬದುಕಿನ ಒಂದು ಸಣ್ಣ ಪ್ರಸಂಗ. 1869ರ ಸೆಪ್ಟೆಂಬರಿನಲ್ಲಿ ಜಮೀನು ನೋಡಲೆಂದು ಪೆನ್ಜಾ ಕಡೆಗೆ ಹೊರಟಿದ್ದ ಅವನು ದಾರಿಯಲ್ಲಿ ಅರ್ಜಮಾಸ್ ಎಂಬ ಊರಿನಲ್ಲಿ ತಂಗಿದ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಕಾರಣವೇ ಇಲ್ಲದೆ ಒಂದು ಭಯ, ಹಿಂದೆಂದೂ ಕಂಡಿರದಂಥ ಭಯ, ಅವನನ್ನು ಹಿಡಿದುಕೊಂಡಿತು. ಮರುದಿನಗಳಲ್ಲಿ ಹೆಂಡತಿಗೆ ಪತ್ರ ಬರೆದು ಅದನ್ನು ತಿಳಿಸಿದ. ಆಗ ಅವನಿಗೆ ನಲವತ್ತೊಂದು. ‘ಯುದ್ಧ ಮತ್ತು ಶಾಂತಿ’ ಮುಗಿದ ವರ್ಷ ಅದು. ಆರೋಗ್ಯ, ಹಣ, ಸಂಸಾರ, ಕೀರ್ತಿ, ಯಾವುದಕ್ಕೂ ಕೊರತೆಯಿರಲಿಲ್ಲ. ಆ ರಾತ್ರಿಯನ್ನೇ ಇಟ್ಟುಕೊಂಡು ಮುಂದೆ ಒಂದು ಕಥೆ ಶುರು ಮಾಡಿ ಅರ್ಧಕ್ಕೆ ಬಿಟ್ಟ. ಅಲ್ಲಿ ಬರುವ ಚೌಕಾಕಾರದ ಕೋಣೆ, ಏನು ಮಾಡಿದರೂ ಹೋಗದ ಭಯ, ಹೊರಗೆ ಓಡಿದರೆ ಅಲ್ಲಿಗೂ ಹಿಂಬಾಲಿಸಿ ಬರುವ ಅದು, ಇವನ್ನೆಲ್ಲ ಓದುವಾಗ ನನ್ನ ಮಲಗುವ ಕೋಣೆಯಲ್ಲೇ ಯಾರೋ ಕುಳಿತು ಬರೆದುಕೊಂಡಂತಿತ್ತು. ಅಲ್ಲಿಂದ ಮುಂದೆ ಅವನು ನಲವತ್ತೊಂದು ವರ್ಷ ಬದುಕಿದ. ಈ ಲೆಕ್ಕ ನನಗೆ ಎಪಿಕ್ಯೂರಸನಿಗಿಂತ ಹೆಚ್ಚು ಹಿಡಿಸಿತು.

ಅರ್ಜಮಾಸ್ ಪ್ರಸಂಗವನ್ನು ನಾನು ಉತ್ಸಾಹದಿಂದ ವಿವರಿಸುತ್ತಿದ್ದುದನ್ನು ಕೇಳಿಸಿಕೊಂಡ ಹೆಂಡತಿ, ‘ಅವರಿಗೆ ಆಗ ಡಾಕ್ಟರು ಇರಲಿಲ್ಲ. ನಿಮಗೆ ಇದ್ದಾರಲ್ಲ’ ಎಂದಳು. ಮನೋವೈದ್ಯರ ಬಳಿ ಸಮಯ ಗೊತ್ತು ಮಾಡಿದವಳೂ ಅವಳೇ.

ವೈದ್ಯೆ ನಡುವಯಸ್ಸಿನವರು, ಹೆಚ್ಚು ಮಾತಿಲ್ಲ. ನಿದ್ದೆ, ಹಸಿವು, ಕೆಲಸ, ಕುಡಿತ, ಮನೆತನದ ಕಾಯಿಲೆಗಳು ಎಲ್ಲ ಕೇಳಿದ ಮೇಲೆ ‘ಸಾಯಬೇಕು ಅನ್ನಿಸಿದ್ದುಂಟೇ?’ ಎಂದು ನೇರವಾಗಿ ಕೇಳಿದರು.

‘ಸಾಯಬಾರದು ಅನ್ನಿಸುವುದೇ ನನ್ನ ತೊಂದರೆ, ಡಾಕ್ಟರೇ’ ಎಂದೆ.

ಅವರು ನಗಲಿಲ್ಲ. ‘ಈ ಹೆದರಿಕೆ ಸಾಕಾಗಿ ಹೋಗಿದೆ, ಹೇಗಾದರೂ ಮುಗಿದರೆ ಸಾಕು ಎಂದು?’

ಆಗ ನಾನು ಸುಮ್ಮನಾದೆ. ಅನ್ನಿಸಿತ್ತು. ಸಾವಿನ ಭಯದಿಂದ ಬಿಡಿಸಿಕೊಳ್ಳಲು ಸಾವನ್ನೇ ಬಯಸುವುದು ತರ್ಕಕ್ಕೆ ಸಿಗುವುದಿಲ್ಲ, ಆದರೆ ನಿದ್ದೆಗೆಟ್ಟ ಮನಸ್ಸು ತರ್ಕದ ಮಾತು ಕೇಳುವುದೂ ಇಲ್ಲ. ಯಾರ ಹತ್ತಿರವೂ ಹೇಳಿರದ ಅದನ್ನು ಅವರಿಗೆ ಹೇಳಿದೆ. ಅವರು ಗಾಬರಿಯಾಗಲಿಲ್ಲ, ಉಪದೇಶ ಮಾಡಲಿಲ್ಲ; ಮತ್ತೆ ಅಂಥ ಯೋಚನೆ ಬಂದರೆ ಆ ಕ್ಷಣದಲ್ಲೇ ಯಾರಿಗೆ ಹೇಳುತ್ತೀರಿ ಎಂದು ಕೇಳಿ, ಹೊರಗೆ ಕುಳಿತಿದ್ದ ಹೆಂಡತಿಯನ್ನು ಒಳಗೆ ಕರೆಸಿ, ಅವಳ ಎದುರಿಗೇ ಅದನ್ನು ಹೇಳಿಸಿದರು. ಇಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ ಎಂಬುದು ಅಧ್ಯಯನಗಳಿಂದ ತಿಳಿದಿರುವ ಸಂಗತಿ. ನನಗಂತೂ ಕೇಳಿದ್ದೇ ದೊಡ್ಡ ಉಪಕಾರವಾಯಿತು.

ತೊಂದರೆಯ ಹೆಸರು ಪ್ಯಾನಿಕ್ ಡಿಸಾರ್ಡರ್ ಎಂದರು. ನೂರಾರು ವರ್ಷಗಳಿಂದ ಜನ ಅನುಭವಿಸುತ್ತ ಬಂದದ್ದೇ ಆದರೂ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ ಈ ಹೆಸರಿನ ಪ್ರತ್ಯೇಕ ಕಾಯಿಲೆಯಾಗಿ ಅದು ಸೇರಿದ್ದು 1980ರಲ್ಲಿ. ಅದರ ಒಳಗುಟ್ಟನ್ನು ವೈದ್ಯೆ ಒಂದು ಹಾಳೆಯ ಮೇಲೆ ವೃತ್ತ ಬರೆದು ತೋರಿಸಿದರು. ಎದೆ ಒಂದು ಸಲ ಜೋರಾಗಿ ಬಡಿಯುತ್ತದೆ, ಎಲ್ಲರಿಗೂ ಬಡಿಯುತ್ತದೆ. ನಾನು ಅದನ್ನು ಸಾವು ಎಂದು ಓದುತ್ತೇನೆ. ಆ ಓದಿಗೆ ಅಡ್ರಿನಲಿನ್ ಏರುತ್ತದೆ, ಬಡಿತ ಇನ್ನೂ ಹೆಚ್ಚುತ್ತದೆ, ನನ್ನ ಓದು ನಿಜವೆಂದು ನನಗೆ ಮನವರಿಕೆಯಾಗುತ್ತದೆ. ಬ್ರಿಟನ್ನಿನ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ಮಂಡಿಸಿದ ಮಾದರಿ ಇದು ಎಂದು ಆಮೇಲೆ ತಿಳಿದುಕೊಂಡೆ. ಬೆರಳು ಜುಮುಗುಡುವುದಕ್ಕೆ ಹೃದಯ ಕಾರಣವಲ್ಲ. ಗಾಬರಿಯಲ್ಲಿ ಅಗತ್ಯಕ್ಕಿಂತ ಹೆಚ್ಚು ಉಸಿರಾಡಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುವುದು ಕಾರಣ. ತುಟಿಯ ಮರಗಟ್ಟುವಿಕೆ, ತಲೆಸುತ್ತು ಕೂಡ ಅದರಿಂದಲೇ. ಉಸಿರು ಸಾಲದೆ ಸಾಯುತ್ತಿದ್ದೇನೆ ಎಂದುಕೊಂಡಿದ್ದ ನಾನು ಅಷ್ಟು ರಾತ್ರಿಗಳೂ ಉಸಿರು ಹೆಚ್ಚಾಗಿ ಒದ್ದಾಡಿದ್ದೆ.

ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಶುರು ಮಾಡಿದರು. ಖಿನ್ನತೆಗೆ ಕೊಡುವ ಗುಂಪಿನದೇ ಮಾತ್ರೆ. ಪರಿಣಾಮ ಕಾಣಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ತಳಮಳ ಹೆಚ್ಚಬಹುದು, ಹೆದರಿ ನಿಲ್ಲಿಸಬೇಡಿ, ನಿಲ್ಲಿಸುವಾಗಲೂ ನನ್ನನ್ನು ಕೇಳಿಯೇ ನಿಲ್ಲಿಸಿ ಎಂದು ಮೊದಲೇ ಎಚ್ಚರಿಸಿದ್ದರು. ಹೆಚ್ಚಿತು, ಆಮೇಲೆ ಇಳಿಯಿತು. ಅದರ ಬಗ್ಗೆ ಹೇಳುವುದಕ್ಕೆ ಇನ್ನೇನೂ ಇಲ್ಲ.

ಹೇಳುವುದಿರುವುದು ಅದೇ ಆಸ್ಪತ್ರೆಯ ಮನಶ್ಶಾಸ್ತ್ರಜ್ಞೆಯ ಬಗ್ಗೆ. ಎಳೆ ವಯಸ್ಸು, ಚುರುಕು ಕಣ್ಣು. ಮೊದಲ ಭೇಟಿಯಲ್ಲಿ ಒಂದಿಷ್ಟು ಮಾತು, ಎರಡನೆಯದರಲ್ಲೇ ಸರ್ಕಸ್ಸು. ಸಣ್ಣ ಸ್ಟ್ರಾ ಒಂದನ್ನು ಕೊಟ್ಟು ಮೂಗು ಹಿಡಿದುಕೊಂಡು ಅದರ ಮೂಲಕ ಮಾತ್ರ ಒಂದು ನಿಮಿಷ ಉಸಿರಾಡಿ ಎಂದರು. ನಿಂತಲ್ಲೇ ಓಡಿಸಿದರು. ತಿರುಗುವ ಕುರ್ಚಿಯಲ್ಲಿ ಕೂರಿಸಿ ಸುತ್ತಿಸಿದರು. ನಾನು ಹಿಂದೇಟು ಹಾಕಿದಾಗ ‘ನಾನೂ ಕೂರುತ್ತೇನೆ’ ಎಂದು ತಾವೇ ಸುತ್ತಿ, ಇಳಿಯುವಾಗ ವಾಲಿ ಮೇಜಿನ ಅಂಚು ಹಿಡಿದುಕೊಂಡರು. ಪೆನ್ನಿನ ಡಬ್ಬಿ ಉರುಳಿ ಬಿತ್ತು. ನಾನು ಸಾಯಲು ಹೆದರುತ್ತಿರುವವನು ಎಂಬುದನ್ನು ಮರೆತು ಪೆನ್ನುಗಳನ್ನು ಆರಿಸಿಕೊಡುತ್ತಿದ್ದೆ. ಭಯ ಹುಟ್ಟಿಸುವ ಮೈಯ ಲಕ್ಷಣಗಳನ್ನೇ ಬೇಕೆಂದು ಬರಿಸಿಕೊಂಡು, ಅವು ಬಂದು ಹೋಗುವವರೆಗೆ ಕಾಯುವುದು ಇದರ ಸೂತ್ರ. ನಾಡಿ ಮುಟ್ಟಬಾರದು. ಕೈಗಡಿಯಾರ ಹೆಂಡತಿಯ ಕಪಾಟಿಗೆ ಹೋಯಿತು. ಮೆಟ್ಟಿಲುಗಳನ್ನು ಏದುಸಿರು ಬರುವ ಹಾಗೆ ಹತ್ತಿ, ಮೇಲೆ ನಿಂತು ಏನೂ ಮಾಡದೆ ಇರಬೇಕಿತ್ತು. ಏನೂ ಮಾಡದೆ ಇರುವುದು ಎಷ್ಟು ದೊಡ್ಡ ಕೆಲಸವೆಂದು ಅಲ್ಲಿ ತಿಳಿಯಿತು.

ಓದಿನ ವಿಷಯ ಬಂದದ್ದು ಆಮೇಲೆ. ನನ್ನ ಪುಸ್ತಕಗಳ ಬಗ್ಗೆ ತುಸು ಹೆಮ್ಮೆಯಿಂದಲೇ ಹೇಳಿಕೊಂಡಿದ್ದೆ.

‘ಯಾವಾಗ ಓದುತ್ತೀರಿ?’

‘ರಾತ್ರಿ.’

‘ದಿನವೂ?’

‘ಹೆದರಿಕೆಯಾದಾಗ.’

‘ಹೆದರಿಕೆಯಾದಾಗ ನಾಡಿಯನ್ನೂ ಹಿಡಿಯುತ್ತಿದ್ದಿರಿ’ ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇನ್ನು ಮೇಲೆ ಅದೇ ಪುಸ್ತಕಗಳನ್ನು ಮಧ್ಯಾಹ್ನ ಓದಿ’ ಎಂದರು.

ಪುಸ್ತಕ ಬಿಡಿ ಎಂದಿದ್ದರೆ ನಾನು ಜಗಳ ಕಾಯುತ್ತಿದ್ದೆ. ಹೊತ್ತು ಬದಲಿಸಿ ಎಂದದ್ದಕ್ಕೆ ಎದುರು ಮಾತಿರಲಿಲ್ಲ. ಅದರಿಂದ ಪುಸ್ತಕಗಳೇ ಬೇರೆಯಾದವು. ಮಧ್ಯಾಹ್ನದ ಬೆಳಕಿನಲ್ಲಿ ಕಠೋಪನಿಷತ್ತನ್ನು ಮತ್ತೆ ತೆರೆದೆ. ನಚಿಕೇತನ ಕಥೆಯಲ್ಲಿ ಎಲ್ಲರ ಕಣ್ಣೂ ಮೂರನೆಯ ವರದ ಮೇಲೆ; ಸತ್ತ ಮೇಲೆ ಮನುಷ್ಯ ಉಳಿಯುತ್ತಾನೋ ಇಲ್ಲವೋ ಎಂದು ಹುಡುಗ ಕೇಳುತ್ತಾನೆ, ಯಮ ‘ಮರಣದ ವಿಷಯ ಮಾತ್ರ ಕೇಳಬೇಡ’ ಎಂದು ಬೇಡಿಕೊಳ್ಳುತ್ತಾನೆ, ದೇವತೆಗಳಿಗೂ ಇದರಲ್ಲಿ ಸಂಶಯವಿತ್ತು ಎನ್ನುತ್ತಾನೆ, ಆನೆ ಕುದುರೆ ಚಿನ್ನ ಆಯುಸ್ಸು ಎಲ್ಲದರ ಆಸೆ ತೋರಿಸುತ್ತಾನೆ. ರಾತ್ರಿಯ ಓದಿನಲ್ಲಿ ನಾನೂ ನೇರ ಅಲ್ಲಿಗೇ ಓಡುತ್ತಿದ್ದೆ. ಈಗ ನಿಧಾನವಾಗಿ ಓದಿದಾಗ ಮೊದಲ ವರ ಕಣ್ಣಿಗೆ ಬಿತ್ತು. ಹುಡುಗ ಅಲ್ಲಿ ಕೇಳುವುದು ಇಷ್ಟೇ: ಅಪ್ಪನ ಮನಸ್ಸು ಶಾಂತವಾಗಲಿ, ಸಿಟ್ಟು ಇಳಿಯಲಿ, ಹಿಂತಿರುಗಿ ಹೋದಾಗ ಗುರುತು ಹಿಡಿದು ಮಾತನಾಡಿಸಲಿ. ಯಮ ಆಗಲಿ ಎನ್ನುತ್ತಾನೆ. ಇನ್ನು ನಿನ್ನ ತಂದೆ ರಾತ್ರಿಗಳಲ್ಲಿ ಸುಖವಾಗಿ ನಿದ್ದೆ ಮಾಡುತ್ತಾನೆ ಎಂದು ಸೇರಿಸುತ್ತಾನೆ. ಸಾವಿನ ಪ್ರಶ್ನೆ ಬರುವುದಕ್ಕೆ ಎಷ್ಟೋ ಮುಂಚೆ ಮನೆಯವರ ನಿದ್ದೆಯ ವ್ಯವಸ್ಥೆಯಾಗಿದೆ. ಈ ಕ್ರಮವನ್ನು ಉಪನಿಷತ್ತಿನ ಕವಿ ಬೇಕೆಂದೇ ಇಟ್ಟನೋ ಇಲ್ಲವೋ, ನನಗೆ ಅದು ಚಿಕಿತ್ಸೆಯ ಕ್ರಮವಾಗಿ ಕಂಡಿತು.

ಸಾವಿನ ಪ್ರಶ್ನೆ ಒಂದು, ಸಾವಿನ ಭಯ ಇನ್ನೊಂದು ಎಂದು ನನಗೆ ಬಿಡಿಯಾಗಿ ಕಾಣತೊಡಗಿದ್ದು ಆ ಮಧ್ಯಾಹ್ನಗಳಲ್ಲಿ. ಆಧ್ಯಾತ್ಮದವರು ಎದೆಬಡಿತವನ್ನು ಅಜ್ಞಾನ ಎನ್ನುತ್ತಾರೆ. ಜ್ಞಾನ ಬಂದರೆ ನಿಲ್ಲುತ್ತದೆ ಎಂದು ಶ್ಲೋಕ ಕೊಡುತ್ತಾರೆ. ಕೆಲವು ವೈದ್ಯರು ಇದಕ್ಕೆ ತಿರುಗಾಮುರುಗಾ. ಸಾಯುವುದೆಂದರೇನು ಎಂದು ಕೇಳಿದರೆ ಮಾತ್ರೆಯ ಪ್ರಮಾಣ ಹೆಚ್ಚಿಸಲು ನೋಡುತ್ತಾರೆ. ಇಬ್ಬರೂ ಒಬ್ಬರ ರೋಗಿಯನ್ನು ಇನ್ನೊಬ್ಬರು ಇಟ್ಟುಕೊಂಡಿದ್ದಾರೆ. ಮಾತ್ರೆ, ಕುರ್ಚಿ, ಸ್ಟ್ರಾ ಸೇರಿ ನನ್ನ ಭಯವನ್ನು ಇಳಿಸಿದವು. ಪ್ರಶ್ನೆ ಇಳಿಯಲಿಲ್ಲ. ಇಳಿಯಬೇಕಾಗಿಯೂ ಇರಲಿಲ್ಲ.

ಮನಶ್ಶಾಸ್ತ್ರಜ್ಞೆ ಕೊಟ್ಟ ಇನ್ನೊಂದು ಕೆಲಸ ನನ್ನ ಸಾವನ್ನು ವಿವರವಾಗಿ ಬರೆಯುವುದು. ವರ್ತಮಾನ ಕಾಲದಲ್ಲಿ, ಎಲ್ಲಿಯೂ ಮರೆಮಾಚದೆ ಬರೆದು, ದಿನವೂ ಗಟ್ಟಿಯಾಗಿ ಓದಬೇಕು. ಮೊದಮೊದಲು ಕಾಗದ ಹಿಡಿದ ಕೈ ನಡುಗುತ್ತಿತ್ತು. ಓದುತ್ತ ಓದುತ್ತ ನಡುಕ ಹೋಯಿತು, ಆಮೇಲೆ ಬೇಸರ ಬಂತು. ಕೊನೆಗೆ ‘ಕಣ್ಣು ಮಂಜಾಗುತ್ತದೆ’ ಎಂಬ ವಾಕ್ಯ ಸವಕಲು ಎನಿಸಿ ಪೆನ್ನು ತೆಗೆದು ತಿದ್ದತೊಡಗಿದೆ. ಅದನ್ನು ಹೇಳಿದಾಗ ಆಕೆ ಮೊದಲ ಬಾರಿಗೆ ಜೋರಾಗಿ ನಕ್ಕರು.

ತಿದ್ದುವಾಗ ಒಂದು ವಿಚಿತ್ರ ಗಮನಕ್ಕೆ ಬಂತು. ನಾನು ಸತ್ತ ಮೇಲೂ ಬರಹ ಮುಂದುವರಿದಿತ್ತು. ಯಾರು ಬಂದರು, ಯಾರು ಅತ್ತರು, ಹೆಂಡತಿ ಯಾವ ಗೋಡೆಗೆ ಒರಗಿದ್ದಳು ಎಲ್ಲ ಬರೆದಿದ್ದೆ. ಹಾಗಾದರೆ ಅದನ್ನು ನೋಡುತ್ತಿದ್ದವರು ಯಾರು? ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಫ್ರಾಯ್ಡ್ 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ ಬರೆದ ಪ್ರಬಂಧದಲ್ಲಿ ಹೇಳಿರುವುದು ಇದನ್ನೇ: ನಮ್ಮ ಸಾವನ್ನು ನಾವು ಕಲ್ಪಿಸಿಕೊಳ್ಳಲಾರೆವು, ಕಲ್ಪಿಸಿಕೊಳ್ಳಲು ಹೊರಟಾಗಲೆಲ್ಲ ನೋಡುವವರಾಗಿ ನಾವು ಅಲ್ಲೇ ಉಳಿದಿರುತ್ತೇವೆ. ಅಷ್ಟು ದಿನ ನಾನು ಹೆದರಿದ್ದು ಮೂಲೆಯಲ್ಲಿ ನಿಂತು ನೋಡುತ್ತಿರುವ ಒಬ್ಬನ ಸ್ಥಿತಿಗೆ. ಹಾಗೆ ನಿಲ್ಲುವ ಅವಕಾಶ ಸತ್ತವರಿಗೆ ಇದೆಯೋ ಇಲ್ಲವೋ, ಉಳಿದವರಿಗಂತೂ ಇದೆ. ಆ ಮೂಲೆಯಲ್ಲಿ ನಾನು ನಿಜವಾಗಿ ನಿಂತದ್ದು ಅಣ್ಣನ ಕೋಣೆಯಲ್ಲಿ.

ಇದು ಹೊಳೆದ ಮೇಲೆ ಅಳು ಬಂತು. ಅಷ್ಟೂ ಕಾಲ ನಾನು ನನ್ನ ಸಾವಿನ ಕೆಲಸದಲ್ಲೇ ಮುಳುಗಿದ್ದೆ, ಅಣ್ಣನ ಸಾವಿಗೆ ಸಮಯ ಸಿಕ್ಕಿರಲಿಲ್ಲ. ಭಯ ಇಳಿದ ಜಾಗಕ್ಕೆ ಅವನು ಬಂದ. ಅವನ ಕನ್ನಡಕ ನನ್ನ ಬಳಿ ಇತ್ತು. ಒಂದು ಕಡ್ಡಿಯ ತಿರುಪು ಬಿದ್ದುಹೋದದ್ದಕ್ಕೆ ಕಪ್ಪು ದಾರ ಬಿಗಿದು ಗಂಟು ಹಾಕಿಕೊಂಡಿದ್ದ. ಹೊಸದು ಮಾಡಿಸು ಎಂದರೆ ‘ಕಾಣಿಸುತ್ತದಲ್ಲ’ ಎನ್ನುತ್ತಿದ್ದ. ಆ ಗಂಟನ್ನು ನೋಡುತ್ತ ಕುಳಿತೆ. ವೈದ್ಯೆಗೆ ಹೇಳಿದೆ, ಮಾತ್ರೆ ಹೆಚ್ಚಿಸಬೇಕೇ ಎಂದು ಕೇಳಿದೆ. ‘ಬೇಡ, ಇದು ಬರಬೇಕಾದದ್ದು’ ಎಂದರು.

ಅತ್ತಿಗೆಯ ದುಃಖ ಬೇರೆ ದಾರಿ ಹಿಡಿದಿತ್ತು. ಅಣ್ಣನ ಮೊಬೈಲಿನಲ್ಲಿ ಬೆಳಿಗ್ಗೆ ಐದೂವರೆಯ ಅಲಾರಂ ಇತ್ತು. ಅವರು ಪ್ರತಿ ರಾತ್ರಿ ಆ ಮೊಬೈಲನ್ನು ಚಾರ್ಜಿಗೆ ಹಾಕುತ್ತಿದ್ದರು, ಬೆಳಿಗ್ಗೆ ಅದು ಹೊಡೆದುಕೊಳ್ಳುತ್ತಿತ್ತು, ಎದ್ದು ಬಂದು ನಿಲ್ಲಿಸುತ್ತಿದ್ದರು. ಅವರ ಮನೆಯಲ್ಲಿ ಉಳಿದಾಗ ಆ ಸದ್ದಿಗೆ ನನ್ನ ಮೈ ಬೆವರುತ್ತಿತ್ತು. ಒಮ್ಮೆ ತಡೆಯಲಾರದೆ, ‘ಅತ್ತಿಗೆ, ಅದನ್ನು ತೆಗೆದುಹಾಕಬಾರದೇ?’ ಎಂದೆ.

‘ನೀನು ಮನೆಗೆ ಬಂದಾಗ ಅವರ ಹೆಸರೇ ಎತ್ತುವುದಿಲ್ಲ. ನಾನು ಏನಾದರೂ ಹೇಳಿದೆನೇ?’ ಎಂದರು. ಅಷ್ಟೇ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಯಲ್ಲಿ ಮಗುವನ್ನು ಕಳೆದುಕೊಂಡ ಗಂಡನಿಗೆ ಹೆಂಡತಿಯ ನೋಟವನ್ನು ಎದುರಿಸಲಾಗುವುದಿಲ್ಲ. ಶಾಲೆಯಿಂದ ಕೇಳುತ್ತ ಬಂದ ಕವಿತೆ, ಹಾಡಾಗಿ ಎಷ್ಟು ಸಲ ಕೇಳಿದ್ದೇನೋ. ಒಂದೇ ಸಾವಿಗೆ ಒಂದೇ ಮನೆಯಲ್ಲಿ ಇಬ್ಬರು ಬೇರೆ ಬೇರೆಯಾಗಿ ದುಃಖಿಸುತ್ತಾರೆ, ಒಬ್ಬರ ಆಸರೆ ಇನ್ನೊಬ್ಬರಿಗೆ ಇರಿತವಾಗುತ್ತದೆ ಎಂಬುದು ಅದರೊಳಗೆ ಇದೆ ಎಂದು ಅತ್ತಿಗೆಯ ಮಾತಿನ ಮುಂದೆ ನಿಂತಾಗ ಗೊತ್ತಾಯಿತು.

ಎಷ್ಟು ದಿನ ದುಃಖಿಸಬಹುದು ಎಂಬುದಕ್ಕೆ ಈಗ ಅಧಿಕೃತ ಗಡುವುಗಳೂ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗ ‘ದೀರ್ಘಕಾಲದ ದುಃಖ’ ಒಂದು ಕಾಯಿಲೆಯಾಗಿ ಅದರಲ್ಲಿತ್ತು. ಕನಿಷ್ಠ ಆರು ತಿಂಗಳು ದಾಟಿರಬೇಕು. ಅದೇ ವರ್ಷ ಅಮೆರಿಕದ ಕೈಪಿಡಿಯೂ ಸೇರಿಸಿಕೊಂಡಿತು, ಅಲ್ಲಿ ವಯಸ್ಕರಿಗೆ ಹನ್ನೆರಡು ತಿಂಗಳು. ಗಡುವು ಕಂಡ ಕೂಡಲೇ ಸಿಟ್ಟು ಬರುವುದು ಸಹಜ, ನನಗೂ ಬಂತು. ಆದರೆ ತಿಂಗಳ ಲೆಕ್ಕವೊಂದೇ ಅಲ್ಲಿ ಮುಖ್ಯವಲ್ಲ: ಹಂಬಲ ದಿನವೂ ಬಿಡದೆ ಹಿಡಿದಿದ್ದು, ಎದ್ದು ಕೆಲಸ ಮಾಡಲಾಗದಂತೆ, ಯಾರ ಜೊತೆಯೂ ಬೆರೆಯಲಾಗದಂತೆ ಆಗಿರಬೇಕು. ಅಂಥವರಿಗೆ ಅದಕ್ಕೆಂದೇ ರೂಪಿಸಿದ ಚಿಕಿತ್ಸೆ ಇದೆ, ಅದರಿಂದ ಗುಣ ಕಾಣುತ್ತದೆ. ಹೆಸರಿಲ್ಲದೆ ಒಂದು ವರ್ಷ ಒದ್ದಾಡಿದ ನನಗೆ ಹೆಸರಿಡುವವರ ಮೇಲೆ ಹೆಚ್ಚು ಹೊತ್ತು ಸಿಟ್ಟು ಉಳಿಯುವುದಿಲ್ಲ. ಅತ್ತಿಗೆ ಅಲಾರಂ ನಿಲ್ಲಿಸಿ, ಎದ್ದು, ಮಕ್ಕಳನ್ನು ಹೊರಡಿಸಿ, ತಾವೂ ಕೆಲಸಕ್ಕೆ ಹೋಗುತ್ತಿದ್ದರು. ಅವರದು ಕಾಯಿಲೆಯಾಗಿರಲಿಲ್ಲ. ಆ ದಿನಗಳಲ್ಲಿ ನಮ್ಮಿಬ್ಬರಲ್ಲಿ ಕಾಯಿಲೆಯಿದ್ದವನು ನಾನು.

ದುಃಖ ಮುಗಿಯಬೇಕು ಎಂದು ಹೇಳಿದವರಲ್ಲಿ ಫ್ರಾಯ್ಡ್ ಹಿರಿಯ. 1917ರಲ್ಲಿ ಪ್ರಕಟವಾದ ‘ಶೋಕ ಮತ್ತು ವಿಷಾದ’ದ ಪ್ರಕಾರ ದುಃಖಿಸುವುದು ಒಂದು ಕೆಲಸ, ಹೋದವರಿಗೆ ಕಟ್ಟಿದ್ದ ಎಳೆಗಳನ್ನು ಒಂದೊಂದಾಗಿ ಬಿಚ್ಚಿ, ಕೊನೆಗೆ ಮನಸ್ಸು ಬಿಡುಗಡೆಯಾಗುತ್ತದೆ. 1920ರ ಜನವರಿಯಲ್ಲಿ ಅವನ ಮಗಳು ಸೋಫಿ ಇನ್‌ಫ್ಲುಯೆಂಜಾದಿಂದ ಸತ್ತಳು. ಮೂರು ವರ್ಷಗಳ ಮೇಲೆ ಅವಳ ಪುಟ್ಟ ಮಗನೂ ಹೋದ. 1929ರಲ್ಲಿ, ಮಗನನ್ನು ಕಳೆದುಕೊಂಡ ಗೆಳೆಯ ಬಿನ್ಸ್‌ವಾಂಗರ್‌ಗೆ ಪತ್ರ ಬರೆಯುವಾಗ ಫ್ರಾಯ್ಡ್ ಹೇಳುವ ಧಾಟಿಯೇ ಬೇರೆ: ತೀವ್ರವಾದ ಶೋಕ ಇಳಿಯುತ್ತದೆ, ಆದರೆ ಸಮಾಧಾನವಾಗುವುದಿಲ್ಲ, ಆ ಜಾಗವನ್ನು ತುಂಬುವಂಥದ್ದು ಸಿಗುವುದಿಲ್ಲ, ಹಾಗಿರುವುದೇ ಸರಿ, ಬಿಟ್ಟುಕೊಡಲು ಮನಸ್ಸಿಲ್ಲದ ಪ್ರೀತಿ ಉಳಿಯುವುದು ಹಾಗೆಯೇ. ಸಿದ್ಧಾಂತ ಬರೆದವನು ಪತ್ರದಲ್ಲಿ ಅದನ್ನು ಮೀರಿ ಹೋದ. ಪ್ರಬಂಧಕ್ಕಿಂತ ಆ ಪತ್ರ ನನ್ನ ಜೊತೆ ಹೆಚ್ಚು ದಿನ ಉಳಿದಿದೆ.

ಶಿವರಾಮ ಕಾರಂತರ ‘ಅಳಿದ ಮೇಲೆ’ ಮಾತ್ರ ನನ್ನನ್ನು ಮನೆಯಿಂದ ಹೊರಗೆ ಹೊರಡಿಸಿತು. 1960ರ ಕಾದಂಬರಿ. ರೈಲಿನಲ್ಲಿ ಪರಿಚಯವಾದ ಯಶವಂತರಾಯರು ತೀರಿಕೊಂಡ ಮೇಲೆ ನಿರೂಪಕ ಅವರ ಬದುಕಿನ ತುಣುಕುಗಳನ್ನು ಹಿಡಿದು, ಅವರಿಗೆ ಸಂಬಂಧಪಟ್ಟವರನ್ನು ಹುಡುಕುತ್ತ ಹೋಗುತ್ತಾನೆ. ಸತ್ತವನ ಆತ್ಮ ಎಲ್ಲಿ ಹೋಯಿತು ಎಂಬ ಗೋಜಿಗೆ ಕಾರಂತರು ಹೋಗುವುದಿಲ್ಲ. ಅವನು ಯಾರ ಯಾರಲ್ಲಿ ಏನೇನಾಗಿ ಉಳಿದಿದ್ದಾನೆ ಎಂದು ಕೇಳುತ್ತಾರೆ. ಅಣ್ಣನ ಬಗ್ಗೆ ನನಗೆ ಗೊತ್ತಿದ್ದದ್ದು ಎಷ್ಟು? ಅವನ ಸಹೋದ್ಯೋಗಿಗಳನ್ನು ಹೋಗಿ ಕಂಡೆ. ಒಬ್ಬರು, ಅವನು ಮಧ್ಯಾಹ್ನದ ಬಿಡುವಿನಲ್ಲಿ ಚದುರ ಹಲಗೆ ಹಾಸಿಕೊಂಡು ಒಬ್ಬನೇ ಎರಡೂ ಕಡೆಯ ಆಟ ಆಡುತ್ತಿದ್ದ ಎಂದರು. ನಮ್ಮ ಮನೆಯಲ್ಲಿ ಅವನು ಚದುರಂಗ ಆಡಿದ್ದನ್ನು ಯಾರೂ ಕಂಡಿರಲಿಲ್ಲ. ಅತ್ತಿಗೆಗೆ ಹೇಳಿದೆ. ಅವರಿಗೂ ಗೊತ್ತಿರಲಿಲ್ಲ. ಅವನು ಹೋದ ಮೇಲೆ ನಾವಿಬ್ಬರೂ ಅವನ ಬಗ್ಗೆ ಒಂದು ಗಂಟೆ ಮಾತನಾಡಿದ್ದು ಅದೇ ಮೊದಲು. ಕರಿಯ ಕಾಯಿಗೆ ಪಕ್ಷಪಾತ ಮಾಡುತ್ತಿದ್ದನೋ ಬಿಳಿಯ ಕಾಯಿಗೋ ಎಂದು ಅತ್ತಿಗೆ ಕೇಳಿದರು. ಕೇಳಿಕೊಂಡು ಬರುತ್ತೇನೆ ಎಂದೆ.

ಮಾತ್ರೆಯನ್ನು ವೈದ್ಯೆ ನಿಧಾನವಾಗಿ ಇಳಿಸಿ ನಿಲ್ಲಿಸಿದರು. ಎಂದಾದರೂ ಒಮ್ಮೆ ರಾತ್ರಿ ಎದೆ ಹಾರುತ್ತದೆ. ಹಾರಲಿ ಎಂದು ಮಗ್ಗುಲು ಬದಲಿಸುತ್ತೇನೆ. ಒಮ್ಮೊಮ್ಮೆ ಬದಲಿಸಲಾಗುವುದಿಲ್ಲ, ಎದ್ದು ಕೂರುತ್ತೇನೆ. ಪುಸ್ತಕ ಮಾತ್ರ ಮುಟ್ಟುವುದಿಲ್ಲ. ಟಾಲ್‌ಸ್ಟಾಯ್ 1886ರ ‘ಇವಾನ್ ಇಲಿಚ್‌ನ ಸಾವು’ ನೀಳ್ಗತೆಯಲ್ಲಿ ತರ್ಕಶಾಸ್ತ್ರದ ಉದಾಹರಣೆಯೊಂದನ್ನು ತರುತ್ತಾನೆ: ಕೇಯಸ್ ಮನುಷ್ಯ, ಮನುಷ್ಯರೆಲ್ಲ ಸಾಯುವವರು, ಆದ್ದರಿಂದ ಕೇಯಸ್ ಸಾಯುತ್ತಾನೆ. ಕೇಯಸ್ ವಿಷಯದಲ್ಲಿ ಅದು ಸರಿ, ನನ್ನ ವಿಷಯದಲ್ಲಿ ಹೇಗೆ ಎಂದು ಸಾಯುತ್ತಿರುವ ಇವಾನ್ ಇಲಿಚ್ ಒದ್ದಾಡುತ್ತಾನೆ. ಸುತ್ತಲಿನವರೆಲ್ಲ ‘ಗುಣವಾಗುತ್ತದೆ’ ಎಂದು ನಟಿಸುವಾಗ ಗೆರಾಸಿಮ್ ಎಂಬ ಆಳು ಮಾತ್ರ ಸುಳ್ಳು ಹೇಳದೆ, ಅವನ ನೋವು ಕಡಿಮೆಯಾಗಲೆಂದು ಅವನ ಕಾಲುಗಳನ್ನು ತನ್ನ ಹೆಗಲ ಮೇಲೆ ಎತ್ತಿ ಹಿಡಿದು ಕೂರುತ್ತಾನೆ. ರಾತ್ರಿ ಓದುವಾಗ ನಾನು ಕೇಯಸ್‌ನ ಪುಟಕ್ಕೇ ಅಂಟಿಕೊಂಡಿದ್ದೆ. ಗೆರಾಸಿಮ್ ಇರುವ ಪುಟಗಳು ಈಚೆಗೆ ಮಧ್ಯಾಹ್ನಗಳಲ್ಲಿ ಓದಿದವು.

ಕೆಲವು ತಿಂಗಳ ಹಿಂದೆ ಚಿಕ್ಕಪ್ಪನ ಮಗ ಬಂದಿದ್ದ. ಅವನ ಆಪ್ತ ಗೆಳೆಯನೊಬ್ಬ ಅಪಘಾತದಲ್ಲಿ ತೀರಿಕೊಂಡಿದ್ದ. ‘ಅಣ್ಣ, ಸಾವಿನ ಬಗ್ಗೆ ನೀನು ತುಂಬಾ ಓದಿದ್ದೀಯಂತೆ. ಒಂದು ಒಳ್ಳೆಯ ಪುಸ್ತಕ ಹೇಳು’ ಎಂದ.

‘ನಿದ್ದೆ ಬರುತ್ತದೆಯೇ?’ ಎಂದು ಕೇಳಿದೆ.

‘ಅದಕ್ಕೂ ಪುಸ್ತಕಕ್ಕೂ ಏನು ಸಂಬಂಧ?’

ಆ ಸಂಬಂಧವನ್ನು ವಿವರಿಸುವುದರಲ್ಲಿ ಸಂಜೆಯಾಯಿತು. ಹೋಗುವಾಗ ಅವನ ಮೊಬೈಲಿಗೆ ವೈದ್ಯೆಯ ನಂಬರು ಕಳಿಸಿ, ಕೈಗೆ ಟಾಲ್‌ಸ್ಟಾಯ್ ಕೊಟ್ಟೆ. ಮುಂದಿನ ವಾರ ಫೋನ್ ಮಾಡಿದ. ಪುಸ್ತಕ ಮುಗಿಸಿದ್ದ. ವೈದ್ಯೆಗೆ ಇನ್ನೂ ಫೋನ್ ಮಾಡಿರಲಿಲ್ಲ. ಯಾವ ಹೊತ್ತಿನಲ್ಲಿ ಓದಿದೆ ಎಂದು ಕೇಳಿದೆ. ‘ರಾತ್ರಿ, ಇನ್ನೇನು’ ಎಂದ. ಮರುದಿನ ಬೆಳಿಗ್ಗೆ ನಾನೇ ಅವನ ಮನೆಗೆ ಹೋಗಿ, ಎದುರಿಗೆ ಕೂರಿಸಿಕೊಂಡು, ನಂಬರು ಒತ್ತಿಸಿದೆ.